ಕಾಕಾನ ವಿಮಾನಕ್ಕೊಂದು ಪಂಖಾ

ಶನಿವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಕಾಕಾನ ವಿಮಾನ ಜಾಲಿ ಗಿಡಕ್ಕೆ ಬಡಿಯಿತು. ಸಮಯ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಆಗ ನಾನು ಮೊಬೈಲಿನಲ್ಲಿ ಅದರ ಹಾರಾಟವನ್ನು ಚಿತ್ರೀಕರಿಸುತ್ತಿದ್ದೆ. ಕುಂದಗೋಳದ ಸುತ್ತಿನ ಎರೆಭೂಮಿ ಅಂಗೈಯಂತೆ ಸಪಾಟು. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಕಣ್ಣು ಸೋಲುವವರೆಗೆ ಬಿಳಿಜೋಳ, ಕಡಲೆ, ಕುಸುಬೆ. ಗಿಡ ಎನ್ನುವುದು ಒಂದೇ ಒಂದು. ಅಷ್ಟು ದೊಡ್ಡ ಆಕಾಶದಲ್ಲಿ ಆ ಒಂದು ಗಿಡವನ್ನು ಹುಡುಕಿಕೊಂಡು ಹೋಗಿ ಬಡಿಯುವುದಕ್ಕೂ ಪ್ರತಿಭೆ ಬೇಕು. ಕಾಕಾನಲ್ಲಿ ಅದು ಧಾರಾಳವಾಗಿದೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಆದರೆ ಊರಲ್ಲಿ ಗುಮಾಸ್ತರ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳುವುದಿಲ್ಲ, ತಬಲಾದವರ ಮನೆ ಎಂದರೆ ಬಾಗಿಲ ತನಕ ಬಿಟ್ಟು ಹೋಗುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಗಾಯನವಿರಲಿ, ಭಜನೆಯಿರಲಿ, ಸಾಥಿಗೆ ಅವನೇ ಬೇಕು. ಹಾಗಾಗಿ ಅವನ ಹತ್ತು ಬೆರಳುಗಳು ನಮ್ಮ ಮನೆಯಲ್ಲಿ ಬಂಗಾರಕ್ಕಿಂತ ಮೇಲು. ಕಾಕಿ ಅವನಿಗೆ ಈಳಿಗೆ ಮುಟ್ಟಗೊಡುವುದಿಲ್ಲ, ಕುಡಗೋಲು ಹಿಡಿಯಗೊಡುವುದಿಲ್ಲ. ಮಾವಿನ ಹಣ್ಣನ್ನು ಕೂಡ ಹೋಳು ಮಾಡಿಯೇ ಮುಂದಿಡುತ್ತಾಳೆ. "ಬೆರಳ ಹ್ವಾದ್ರ ನಿಮ್ಮನ್ನ ಯಾರ ಕೇಳ್ತಾರ್ರಿ? ನಾನೂ ಕೇಳಂಗಿಲ್ಲ" ಎಂದು ಹೇಳುತ್ತಾಳೆ. ಇಷ್ಟು ಜೋಪಾನ ಮಾಡುವ ಮನೆಯೊಳಗೆ ನಾವು ಗಾಳಿಯನ್ನೇ ಸೀಳಿ ತಿರುಗುವ ಕತ್ತಿಯೊಂದನ್ನು ಆಟಿಗೆಯೆಂದು ಬಿಟ್ಟುಕೊಂಡೆವು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನನ್ನು ಛೀ ಎನ್ನಲು ಬೇಕಾಗುತ್ತದೆ.

ವಿಮಾನ ಬಂದದ್ದು ಹುಬ್ಬಳ್ಳಿಯ ಎಂಜಿನಿಯರಿಂಗ್ ಹುಡುಗರಿಂದ. ಅವರು ಅದನ್ನು ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ತೋರಿಸಿ, ಅಂಕ ಪಡೆದು, ಮಾರಿಬಿಟ್ಟಿದ್ದರು. ಅವರೂ ಅದನ್ನು ಹಿಂದಿನ ವರ್ಷದವರಿಂದ ಕೊಂಡಿದ್ದರೆಂದು ಆಮೇಲೆ ತಿಳಿಯಿತು. ನಮ್ಮ ದೇಶದ ವೈಮಾನಿಕ ಸಂಶೋಧನೆ ಹೀಗೆ ಕೈಯಿಂದ ಕೈಗೆ ಬೆಳೆಯುತ್ತಿದೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ನನ್ನ ಎರಡು ತೋಳಿನಷ್ಟು ಅಗಲ, ಮೂತಿಗೆ ಒಂದು ಮೋಟಾರು, ಮೋಟಾರಿಗೆ ಎರಡು ಎಲೆಯ ಪಂಖಾ. ಒಂದು ದೊಡ್ಡ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಅದು ಮನೆಗೆ ಬಂತು. ಪೆಟ್ಟಿಗೆ ಏನು ಮಾಡಲಿ ಎಂದು ಕಾಕಿ ಕೇಳಿದಳು. "ಇಟ್ಕೋ, ಶಂಡಿಗಿ ಹಾಕ್ಲಿಕ್ಕೆ ಅಗದಿ ಚೊಲೋ ಐತಿ" ಎಂದ ಕಾಕಾ. ಪೆಟ್ಟಿಗೆ ಅಟ್ಟ ಸೇರಿತು.

ವಿಮಾನ ಯಾಕೆ ಬೇಕಾಗಿತ್ತು? ಜೋಳ ಹಾಲುಗಾಳು ಕಟ್ಟಿದಾಗ ಗಿಣಿಗಳ ಹಿಂಡು ಬೀಳುತ್ತದೆ. ನಮ್ಮ ಅಜ್ಜನ ಕಾಲದಿಂದ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವುದೇ ಅದಕ್ಕೆ ಔಷಧ. ಕಾಕಾನಿಗೆ ಕವಣೆ ಬೀಸಿದರೆ ಮಣಿಕಟ್ಟು ಉಳುಕುವ ಭಯ. ಅದಕ್ಕಾಗಿ ಆಧುನಿಕ ಉಪಾಯ. ಮೊದಲ ವಾರ ಗಿಣಿಗಳು ನಿಜವಾಗಿಯೂ ಹೆದರಿದವು. ಎರಡನೆಯ ವಾರ ಜಾಲಿ ಗಿಡದ ಮೇಲೆ ಸಾಲಾಗಿ ಕೂತು ವಿಮಾನ ನೋಡತೊಡಗಿದವು. ಆ ಶನಿವಾರ ಅವುಗಳ ಸೊಕ್ಕು ಮುರಿಯುತ್ತೇನೆಂದು ಕಾಕಾ ನೇರವಾಗಿ ಗಿಡದ ಮೇಲೆ ಬಿಟ್ಟ. ಗಿಣಿಗಳು ಹಾರಿದವು. ವಿಮಾನ ಹಾರಲಿಲ್ಲ.

ಬಾಜು ಹೊಲದ ಗೌಡರು ಬದುವಿನ ಆಚೆಯಿಂದ ಕೂಗಿದರು: "ಏನ್ರಿ ತಬಲಜೀ, ನಿಮ್ಮ ಇಮಾನ ಇಲ್ಲೇ ಇಳೀತೇನ್ರಿ? ಮುಂದ ಹುಬ್ಬಳ್ಳಿಗಿ ಹೋಗಂಗಿಲ್ಲೇನು?"

"ಎಣ್ಣಿ ಹಾಕಿಸ್ಕೊಳ್ಳಾಕ ನಿಂತೈತ್ರಿ" ಎಂದ ಕಾಕಾ. ಮಾತಿನಲ್ಲಿ ಅವನು ಯಾವತ್ತೂ ನೆಲಕ್ಕೆ ಬಿದ್ದವನಲ್ಲ.

ಹೆಚ್ಚೇನೂ ಮುರಿದಿರಲಿಲ್ಲ. ಒಂದು ಚಕ್ರ, ಮತ್ತು ಪಂಖಾದ ಒಂದು ಎಲೆ ಅರ್ಧಕ್ಕೆ ತುಂಡಾಗಿತ್ತು. ಮುರಿದ ತುಂಡನ್ನು ಕಾಕಾ ಮುಳ್ಳಿನೊಳಗೆ ಹುಡುಕಿ ಜೇಬಿಗೆ ಹಾಕಿಕೊಂಡ. ಆ ತುಂಡನ್ನು ಅಲ್ಲೇ ಇರುವೆಗಳಿಗೆ ಬಿಟ್ಟಿದ್ದರೆ ನನ್ನ ಹನ್ನೊಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಮರುದಿನದಿಂದ ಬಿಡಿಭಾಗದ ಶೋಧ ಶುರುವಾಯಿತು. ಚಕ್ರಕ್ಕೆ ಕಷ್ಟವಾಗಲಿಲ್ಲ, ಆಟಿಗೆಯ ಟ್ರ್ಯಾಕ್ಟರಿನದೊಂದು ಸಿಕ್ಕಿತು. ಪಂಖಾ ಮಾತ್ರ ಎಲ್ಲೂ ಇಲ್ಲ. ಇಲ್ಲ ಎನ್ನುವವರು ಮಾತ್ರ ಒಬ್ಬರೂ ಸಿಗಲಿಲ್ಲ, ಅದೇ ನಮ್ಮ ದುರ್ದೈವ. ಮೋಟಾರಿಗೆ ತಂತಿ ಸುತ್ತುವ ಅಂಗಡಿಯವನು ಮುರಿದ ಪಂಖಾವನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗಿನಿಂದ ಒಂದು ಟೇಬಲ್ ಫ್ಯಾನಿನ ರೆಕ್ಕೆ ತಂದ. "ಇದನ್ನ ಸ್ವಲ್ಪ ಕತ್ತರ್ಸಿ ಹಾಕ್ರಿ, ನಡೀತೈತ್ರಿ." ಸೈಕಲ್ ಅಂಗಡಿಯವನು ತಗಡಿನಲ್ಲಿ ಮಾಡಿಕೊಡಲು ಮುಂದೆ ಬಂದ. ತಗಡು! ಹಾಗೆ ಮಾಡಿದ್ದರೆ ಈ ಬರಹವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು. ಅವನೂ ಹೇಳಿದ್ದು ಅದೇ: "ನಡೀತೈತ್ರಿ, ಯಾಕ ನಡಿಯಂಗಿಲ್ಲ?" ನಮ್ಮ ಕಡೆ ಈ ಒಂದು ಮಾತಿನ ಮೇಲೆ ಬಸ್ಸುಗಳು ಓಡುತ್ತವೆ, ಮನೆಗಳು ನಿಲ್ಲುತ್ತವೆ, ಮದುವೆಗಳೂ ಆಗುತ್ತವೆ. ಕಾಕಾನ ಚಸ್ಮಾದ ಒಂದು ಕಡ್ಡಿ ಕೂಡ ಎರಡು ವರ್ಷದಿಂದ ಕರಿ ದಾರದಲ್ಲಿ ಕಟ್ಟಿಸಿಕೊಂಡು ಇದೇ ಮಾತಿನ ಮೇಲೆ ಅವನ ಮೂಗಿನ ಮೇಲಿತ್ತು. ಹತ್ತು ನಿಮಿಷಕ್ಕೊಮ್ಮೆ ಜಾರುತ್ತಿತ್ತು, ಅವನು ಹತ್ತು ನಿಮಿಷಕ್ಕೊಮ್ಮೆ ಏರಿಸುತ್ತಿದ್ದ.

ಹುಬ್ಬಳ್ಳಿಯಲ್ಲಿ ಒಂದು ಮಹಡಿಯ ಮೇಲೆ ಇಂಥ ಸಾಮಾನು ಮಾರುವ ಅಂಗಡಿ ಸಿಕ್ಕಿತು. ಅಲ್ಲಿ ಪಂಖಾಗಳ ಗೊಂಚಲೇ ತೂಗಾಡುತ್ತಿತ್ತು. ನಮ್ಮ ಮೋಟಾರಿನ ಕಡ್ಡಿಗಿಂತ ಅವುಗಳ ತೂತು ದೊಡ್ಡದು.

"ಟೇಪ್ ಸುತ್ತಿ ಹಾಕ್ರಿ" ಎಂದ ಅಂಗಡಿಯವನು.

"ಜಾರಂಗಿಲ್ಲೇನ್ರಿ?" ಎಂದು ನಾನು ಕೇಳಿದೆ.

"ಸರ, ನೀವು ಭಾಳ ವಿಚಾರ ಮಾಡ್ತೀರಿ ನೋಡ್ರಿ."

ಹೌದು, ವಿಚಾರ ಮಾಡುವುದಷ್ಟೇ ನನ್ನ ಕೆಲಸ. ವಿಚಾರ ಮಾಡಿ, ತಲೆ ಅಲ್ಲಾಡಿಸಿ, ಟೇಪಿನ ಸುರುಳಿಯನ್ನೂ ನಾನೇ ಕೊಂಡೆ. ಮನೆಗೆ ಬಂದು ಅಂಗಳದಲ್ಲಿ ಮೋಟಾರು ಚಾಲೂ ಮಾಡಿದಾಗ ಪಂಖಾ ನಾಲ್ಕು ಸುತ್ತು ಓಲಾಡಿ, ಕಡ್ಡಿಯಿಂದ ಕಳಚಿ, ಕಾಕಿ ಒಣಹಾಕಿದ್ದ ಮೆಣಸಿನಕಾಯಿಯ ನಡುವೆ ಹೋಗಿ ಬಿತ್ತು. ಮೆಣಸಿನಕಾಯಿ ಹಾರಿದವು, ಎಲ್ಲರೂ ಸೀನಿದೆವು, ಎಲ್ಲರೂ ನಕ್ಕೆವು. ನಗದೆ ಇದ್ದದ್ದು ಕಾಕಿ ಒಬ್ಬಳೇ. "ಇವತ್ತ ಮೆಣಸಿನಕಾಯಿ, ನಾಳಿಗಿ ಏನೋ" ಎಂದಳು. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು ಅವಳು.

ಆಮೇಲೆ ನಾನು ಆನ್‌ಲೈನಿನಲ್ಲಿ ತರಿಸಿದೆ. ನಮ್ಮ ಓಣಿಗೆ ಬರುವ ಸಾಮಾನನ್ನೆಲ್ಲ ಕೊರಿಯರಿನವನು ಕಿರಾಣಿ ಅಂಗಡಿಯಲ್ಲಿ ಇಟ್ಟು ಹೋಗುತ್ತಾನೆ. ಅಂಗಡಿಯವನು ಆ ಲಕೋಟೆಯ ಮೇಲೆ ಒಂದು ಪೆಂಟೆ ಬೆಲ್ಲ ಹೇರಿ ಎರಡು ದಿನ ಇಟ್ಟಿದ್ದ. ಒಳಗಿದ್ದ ಎರಡು ಪಂಖಾಗಳೂ ಬಿಲ್ಲಿನಂತೆ ಬಾಗಿದ್ದವು.

"ಬೆಲ್ಲ ಯಾಕ ಇಟ್ಟಿದ್ಯೋ ಮಾರಾಯಾ?"

"ಇಮಾನದ ಸಾಮಾನ ಅಂದ್ರಲ್ರಿ ಸರ. ಗಾಳಿಗಿ ಹಾರಿ ಹ್ವಾದಗೀದಾವು ಅಂತ ಭಾರ ಇಟ್ಟೆ."

ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಉಪಕಾರ ಮಾಡಿದವನ ತೃಪ್ತಿ ಇತ್ತು.

ಇಲ್ಲಿಂದ ಮುಂದೆ ಕಾಕಾ ತನ್ನ ವಿದ್ಯೆಗೆ ಕೈ ಹಾಕಿದ. ಜೇಬಿನಲ್ಲಿ ಇಟ್ಟುಕೊಂಡಿದ್ದ ಮುರಿದ ತುಂಡನ್ನು ಮೊದಲಿನ ಪಂಖಾಕ್ಕೆ ಅಂಟಿಸಿ, ಮೇಲೆ ತೆಳು ಬಟ್ಟೆ ಸುತ್ತಿ ಮತ್ತೆ ಅಂಟು ಹಚ್ಚಿದ. ಈಗ ಆ ಎಲೆ ಭಾರವಾಯಿತು. ಎರಡೂ ಎಲೆ ಸಮ ತೂಗಬೇಕೆಂದು ನಾನು ಹೇಳಿದೆ. "ತಕ್ಕಡಿ ಎದಕ್ಕ ಬೇಕಲೇ, ಕಿವಿ ಇಲ್ಲೇನು?" ಎಂದು ತಬಲಾ ಏರಿಸುವ ಸಣ್ಣ ಸುತ್ತಿಗೆಯನ್ನು ತಂದ. ತಬಲಾದ ಅಂಚಿಗೆ ಸುತ್ತಲೂ ಒಂದೊಂದು ಪೆಟ್ಟು ಹಾಕಿ, ಎಲ್ಲ ಕಡೆಯೂ ಒಂದೇ ಸ್ವರ ಬರುವಂತೆ ಮಾಡುವುದು ಅವನ ಐವತ್ತು ವರ್ಷದ ರೂಢಿ. ಪಂಖಾವನ್ನೂ ಹಾಗೆಯೇ ಹಿಡಿದು ಒಂದು ಎಲೆಗೆ ಟಿಣ್, ಇನ್ನೊಂದು ಎಲೆಗೆ ಟಿಣ್. ಎರಡೂ ಒಂದೇ ಸ್ವರ ಹೇಳಿದರೆ ತೂಕ ಸರಿಯಾದಂತೆ! ಒಂದು ಎಲೆ ಅರ್ಧ ಸ್ವರ ಇಳಿದಿದೆ ಎಂದು ತೀರ್ಮಾನವಾಯಿತು. ತಬಲಾದ ನಡುವಿನ ಕರಿ ಬೊಟ್ಟಿಗೆ ಹಚ್ಚುವ ಮಸಾಲೆ, ಲೋಹದ ಪುಡಿ ಕಲಸಿದ ಕರಿ ಕಣಕ, ತಬಲಾ ರಿಪೇರಿಯವನು ಎಂದೋ ಕೊಟ್ಟದ್ದು ಒಂದು ಡಬ್ಬಿಯಲ್ಲಿತ್ತು. ಅದನ್ನು ನೀರಿನಲ್ಲಿ ನಾದಿ ಹಗುರ ಇದ್ದ ಎಲೆಗೆ ಮೆತ್ತಿದ, ಒಣಗಿಸಿದ, ಕಲ್ಲಿನಿಂದ ತಿಕ್ಕಿದ, ಮತ್ತೆ ಟಿಣ್ ಎನಿಸಿದ. ಎರಡು ದಿನ ಇದೇ ಕೆಲಸ. ಪ್ರತಿ ಪೆಟ್ಟಿಗೂ ಎಲೆಯ ನಡುವಿನಲ್ಲಿ ಕೂದಲೆಳೆಯಂಥ ಬಿರುಕು ಬೆಳೆಯುತ್ತಿತ್ತೆಂದು ಈಗ ನನಗೆ ಖಾತ್ರಿಯಿದೆ. ಆಗ ನಾನು ಏನು ಮಾಡುತ್ತಿದ್ದೆ? ಪಕ್ಕದಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ವೃತ್ತಚಲನೆಯ ಪ್ರಶ್ನೆಗೆ ತಪ್ಪು ಬರೆದವರ ಅಂಕ ಕಡಿಯುತ್ತಿದ್ದೆ.

ರವಿವಾರ ಮುಂಜಾನೆ ಎಂಟೂವರೆಗೆ ಅಂಗಳದಲ್ಲಿ ಪರೀಕ್ಷೆ ನಡೆಯಿತು. ಕೂರುವ ಬಾಕಿನ ಮೇಲೆ ವಿಮಾನ. ಹಿಂದಿನಿಂದ ಬಾಲ ಹಿಡಿದು ನಾನು. ಪಂಖಾದ ಬಾಜುವಿನಲ್ಲಿ ಚಾಪೆ ಹಾಸಿಕೊಂಡು ಕಾಕಾ. ಅವನ ಮುಂದೆ ಸ್ವರ ಹೋಲಿಸಲೆಂದು ತಬಲಾ. ಎಡಗೈಯಲ್ಲಿ ರಿಮೋಟು, ಬಲಗೈ ತಬಲಾದ ಮೇಲೆ.

ತಿರುಗುವ ವಸ್ತು ಮುರಿದರೆ ತುಂಡು ಹಿಂದಕ್ಕೆ ಹೋಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ, ಬಾಜುವಿಗೇ ಹಾರುತ್ತದೆ. ಇದನ್ನು ಪ್ರತಿ ವರ್ಷ ನಾನು ಕವಣೆಯ ಉದಾಹರಣೆ ಕೊಟ್ಟು ಕಲಿಸುತ್ತೇನೆ. ಕವಣೆಯ ಕಲ್ಲು ಎಲ್ಲಿ ಬೀಳುತ್ತದೋ ಸರಿಯಾಗಿ ಅಲ್ಲಿ ಚಾಪೆ ಹಾಸಲಾಗಿತ್ತು. "ಕಾಕಾ, ಸ್ವಲ್ಪ ಹಿಂದಕ್ಕ ಸರಿ" ಎಂದೆ. ಎಂದೆ, ನಿಜ. ಎಷ್ಟು ಮೆಲ್ಲಗೆ ಎಂದೆ ಎನ್ನುವುದು ನನಗೊಬ್ಬನಿಗೇ ಗೊತ್ತು.

"ಹಿಂದ ಸರಿದ್ರ ಸುರ ಹ್ಯಾಂಗ ಕೇಳ್ಬೇಕಲೇ ಮಾಸ್ತರ? ನೀ ಬಾಲ ಗಟ್ಟಿ ಹಿಡಿ."

ಗಟ್ಟಿ ಹಿಡಿದೆ.

ಮೋಟಾರು ಗುಂಯ್ ಎಂದಿತು. ಕಾಕಾ ಕಣ್ಣು ಮುಚ್ಚಿದ. ತೋರುಬೆರಳಿನಿಂದ ತಬಲಾದ ಅಂಚಿಗೆ ನಾ, ನಾ, ನಾ ಎಂಬ ಬೋಲು ಹೊಡೆಯುತ್ತ ರಿಮೋಟಿನ ಕಡ್ಡಿಯನ್ನು ಏರಿಸಿದ. ಮೋಟಾರಿನ ದನಿ ಏರಿತು, ಹತ್ತಿರ ಬಂತು, ಒಂದು ಕ್ಷಣ ತಬಲಾ ಮತ್ತು ಪಂಖಾ ಎರಡೂ ನಿಜವಾಗಿ ಕೂಡಿದವು. "ಹತ್ತೇತಿ ನೋಡ್! ಕರಿ ಎರಡಕ್ಕ ಹತ್ತೇತಿ!" ಹಾರ್ಮೋನಿಯಮ್ಮಿನ ಎರಡನೆಯ ಕರಿ ಮನೆಯ ಸ್ವರ ಅದು. ನನ್ನ ಕೈಯೊಳಗಿನ ಬಾಲ ಮಾತ್ರ ಜ್ವರ ಬಂದವರಂತೆ ನಡುಗುತ್ತಿತ್ತು. ಅಷ್ಟರಲ್ಲಿ ಕಾಕಾನ ಚಸ್ಮಾ ಜಾರಿತು. ಅವನು ಬಲಗೈ ಎತ್ತಿ ಅದನ್ನು ಮೂಗಿಗೆ ಏರಿಸಿದ.

ಟಪ್.

ಅಷ್ಟೇ. ದೊಡ್ಡ ಸದ್ದೇನಲ್ಲ, ಕಡಲೆಕಾಯಿ ಒಡೆದಂತೆ. ಬಾಲ ನನ್ನ ಕೈಯಿಂದ ಕಿತ್ತುಕೊಂಡು ವಿಮಾನ ಅಡ್ಡ ಬಿತ್ತು. ತಬಲಾ ಒಂದು ವಿಚಿತ್ರ ಬೋಲು ನುಡಿಯಿತು. ಅಂಥ ಬೋಲು ಯಾವ ಘರಾನೆಯಲ್ಲೂ ಇಲ್ಲ. ನೋಡಿದರೆ ಪಂಖಾದ ಅರ್ಧ ಎಲೆ ತಬಲಾದ ಚರ್ಮ ಸೀಳಿ ಒಳಗೆ ಹೋಗಿತ್ತು. ಸೀಳು ಇದ್ದದ್ದು ಅಂಚಿನಲ್ಲಿ, ತೋರುಬೆರಳು ನಾ ನುಡಿಸುವ ಜಾಗದಲ್ಲಿ. ಕಾಕಾನ ಕೈ ಇನ್ನೂ ಚಸ್ಮಾದ ಮೇಲೆಯೇ ಇತ್ತು. ಒಣ ಮಸಾಲೆಯ ಪುಡಿ ಅವನ ಬಿಳಿ ಅಂಗಿಯ ಮೇಲೆ ಸಾಸಿವೆಯಂತೆ ಚೆಲ್ಲಿತ್ತು.

ಒಳಗಿನಿಂದ ಬಂದ ಕಾಕಿ ಮೊದಲು ಅವನ ಎರಡೂ ಕೈ ಹಿಡಿದು ಬೆರಳು ಎಣಿಸಿದಳು. ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಹತ್ತರವರೆಗೆ. ಆಮೇಲೆ ನನ್ನ ಕಡೆ ತಿರುಗಿದಳು. "ಅವರಿಗರ ತಿಳಿಯಂಗಿಲ್ಲ. ನೀ ಎಮ್ಮೆಸ್ಸಿ ಕಲಿತಾವ, ಬಾಲ ಹಿಡ್ಕೊಂಡ ಕುಂತಿದ್ದೆಲ್ಲೋ ಮೂಳಾ!"

ನಾನು ಅಡ್ಡ ಬಿದ್ದ ವಿಮಾನದ ಬ್ಯಾಟರಿ ಕಳಚಿದೆ. ಎಮ್ಮೆಸ್ಸಿಗೆ ಆಗ ಹೊಳೆದದ್ದು ಅಷ್ಟೇ.

ಊರಿನವರು ಬಂದು ನೋಡಿ ಹೋದರು. ದೇವರು ಕಾಯ್ದ ಎಂದು ಎಲ್ಲರೂ ಹೇಳಿದರು. ದೇವರಿಗೆ ಅಷ್ಟು ಕಾಳಜಿ ಇದ್ದರೆ ಸುತ್ತಿಗೆ ಎತ್ತಿದಾಗಲೇ ಕಾಯಬಹುದಿತ್ತು. ಕಾಕಾನ ವಾದ ಇನ್ನೂ ಚೆಂದ. ಸಂಜೆಯ ಹೊತ್ತಿಗೆ ಅವನಿಗೆ ಮಾತು ಮರಳಿತ್ತು. "ಚಸ್ಮಾ ರಿಪೇರಿ ಮಾಡಿಸ್ರಿ ಅಂತಿದ್ರಿ. ಮಾಡಿಸಿದ್ದರ ಜಾರತಿತ್ತೇನು? ಬೆರಳ ಉಳೀತಿದ್ವೇನು?" ಎಂದು ಬಂದವರಿಗೆಲ್ಲ ದಾರ ಕಟ್ಟಿದ ಕಡ್ಡಿ ತೋರಿಸಿದ. ಅವರು ಹೌದೌದೆಂದು ತಲೆದೂಗಿದರು. ಗೌಡರೂ ತಲೆದೂಗಿದರು.

ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಟಪ್. ಚಸ್ಮಾ ಜಾರದ ಇನ್ನೊಂದು ಮುಂಜಾನೆಯೂ ತಲೆಯೊಳಗೆ ಓಡುತ್ತಿತ್ತು. ಅದರಲ್ಲಿ ಬೆರಳು ತಬಲಾದ ಮೇಲೆಯೇ ಇರುತ್ತಿತ್ತು. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಕಡಲೆಕಾಯಿ ಒಡೆದನೆಂದು ಹೊರಗೆ ಕಳಿಸಿದೆ. ಕಾಕಾ ಮಾತ್ರ ಗೊರಕೆ ಹೊಡೆದು ಮಲಗುತ್ತಿದ್ದ. ಅವನ ಚಿಂತೆ ಒಂದೇ, ತಬಲಾ.

ಮುಂದಿನ ರವಿವಾರ ತಬಲಾ ಹೊತ್ತು ಹುಬ್ಬಳ್ಳಿಯ ರಿಪೇರಿಯವನ ಕಡೆ ಹೋದೆವು. ಅವನು ಒಂದು ಹೊಸ ಚರ್ಮ ತೆಗೆದ. ಕಾಕಾ ಬೆರಳಿನಿಂದ ಮುಟ್ಟಿ, "ನಡಿಯಂಗಿಲ್ಲ" ಎಂದ. ಎರಡನೆಯದು ತೆಗೆದ. ಬೆಳಕಿಗೆ ಹಿಡಿದು ನೋಡಿ, "ನಡಿಯಂಗಿಲ್ಲ." ಮೂರನೆಯದರ ಕರಿ ಬೊಟ್ಟು ಉಗುರಿನಷ್ಟು ಸರಿದಿತ್ತು.

"ಚರ್ಮ ಕುಂತ ಮ್ಯಾಲ ನಡೀತೈತ್ರಿ ಕಾಕಾ" ಎಂದು ರಿಪೇರಿಯವನು ಗೋಗರೆದ.

"ನಡೀತೈತಿ ಅನ್ನಾವನ ಕೈಯಾಗ ತಬಲಾ ಕೊಡಬಾರದು ನೋಡಪಾ" ಎಂದ ನಮ್ಮ ಕಾಕಾ.

ನನಗೆ ತಡೆಯಲಾಗಲಿಲ್ಲ. "ಚರ್ಮದ ಸಾಮಾನಿಗೆ ನಡಿಯಂಗಿಲ್ಲ. ಬೆರಳ ಕಡಿಯು ಸಾಮಾನಿಗೆ ನಡೀತೈತಿ. ಅಲ್ಲೇನ ಕಾಕಾ? ತಬಲಾ ಹರಿದ್ರ ಹುಬ್ಬಳ್ಯಾಗ ಸಿಗತೈತಿ. ಬೆರಳ ಯಾವ ಅಂಗಡ್ಯಾಗ ಸಿಗತಾವ ಹೇಳು, ಅದನೂ ಟೇಪ್ ಸುತ್ತಿ ಹಾಕೂಣು."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಿರಿಯರಿಗೆ ಹೀಗೆ ಮಾತಾಡುವುದು ನಮ್ಮ ಮನೆಯ ರೂಢಿಯಲ್ಲ. ಕಾಕಾ ನಾಲ್ಕನೆಯ ಚರ್ಮ ಒಪ್ಪಿಕೊಂಡ. ಬಸ್ಸಿನಲ್ಲಿ ಕುಂದಗೋಳದವರೆಗೆ ಕಿಟಕಿಯ ಹೊರಗೆ ನೋಡಿದ. ಇಳಿಯುವಾಗ ಮಾತ್ರ, "ಆ ಹುಡುಗೂರಿಗೆ ಫೋನ್ ಹಚ್ಚಲೇ, ವಿಮಾನ ಕೊಟ್ಟಾವ್ರಿಗೆ" ಎಂದ.

ಹಚ್ಚಿದೆ, ಅವರಲ್ಲೊಬ್ಬ ನಾಲ್ಕು ದಿನದ ಮೇಲೆ ಸಿಕ್ಕ. ಇಷ್ಟು ದಿನ ಮಾರಿದವರನ್ನೇ ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಆ ಹುಡುಗ ಆಶ್ಚರ್ಯದಿಂದ ಹೇಳಿದ: "ಸರ, ಅದರ ಜೋಡಿ ಆರು ಪಂಖಾ ಎಕ್ಸ್ಟ್ರಾ ಕೊಟ್ಟೇವಲ್ರಿ. ಥರ್ಮೋಕೋಲ್ ಪೆಟಿಗಿ ತಳದಾಗ ಒಂದು ಪದರ ಐತಿ, ಎತ್ತಿ ನೋಡ್ರಿ."

ಅಟ್ಟದಿಂದ ಪೆಟ್ಟಿಗೆ ಇಳಿಯಿತು. ಶಂಡಿಗೆ ಹೊರಗೆ ಬಂತು, ಪದರ ಮೇಲೆದ್ದಿತು. ಆರು ಪಂಖಾಗಳು ಹೊಸ ಚಮಚಗಳಂತೆ ಮಲಗಿದ್ದವು. ನಾವು ಕುಂದಗೋಳ, ಹುಬ್ಬಳ್ಳಿ ಮತ್ತು ಇಡೀ ಇಂಟರ್ನೆಟ್ ಸುತ್ತುತ್ತಿದ್ದಾಗ ಅವು ನಮ್ಮ ತಲೆಯ ಮೇಲೆಯೇ, ಶಂಡಿಗೆಯ ಕೆಳಗೆ, ಇದ್ದವು. ಕಾಕಿ ಶಂಡಿಗೆಯ ಚೂರುಗಳನ್ನು ಒಂದೊಂದೇ ಆರಿಸುತ್ತ ಕೂತಳು. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ಎರಡು ಸ್ಟೀಲ್ ಲೋಟಗಳ ಅಂಚಿನ ಮೇಲೆ ಹೊಲಿಗೆಯ ಸೂಜಿಯೊಂದನ್ನು ಅಡ್ಡ ಇಟ್ಟು, ಪಂಖಾ ಪೋಣಿಸಿ, ಯಾವ ಎಲೆ ಇಳಿಯುತ್ತದೆ ನೋಡುವುದು ಹೇಗೆಂದು ತೋರಿಸಿದೆ. ಮೊದಲ ದಿನವೇ ಇದನ್ನು ತೋರಿಸಬಹುದಿತ್ತು. ಎರಡು ಲೋಟ, ಒಂದು ಸೂಜಿ. ಕಾಕಾ ತಾನೇ ಮಾಡುತ್ತೇನೆಂದು ಕೂತ. ಸುತ್ತಿಗೆ ತರಲಿಲ್ಲ. ಒಂದನೆಯ ಪಂಖಾ ಇಟ್ಟ, ಒಂದು ಎಲೆ ಕೂದಲಿನಷ್ಟು ಇಳಿಯಿತು. ನನ್ನ ಕಣ್ಣಿಗೆ ಅದು ಸಮವೇ ಇತ್ತು. ನಾನು ಬಾಯಿ ತೆರೆದೆ. ಹೇಳಲು ಹೊರಟಿದ್ದ ಮಾತು ಯಾವುದೆಂದು ನೆನೆದರೆ ನಾಚಿಕೆಯಾಗುತ್ತದೆ.

"ನಡಿಯಂಗಿಲ್ಲ" ಎಂದು ಕಾಕಾ ಅದನ್ನು ತೆಗೆದು ಬದಿಗಿಟ್ಟ.

ಎರಡನೆಯದೂ ನಡೆಯಲಿಲ್ಲ. ಮೂರನೆಯದೂ ನಡೆಯಲಿಲ್ಲ. ನಾಲ್ಕನೆಯದು ಲೋಟಗಳ ನಡುವೆ ಅಲ್ಲಾಡದೆ ನಿಂತಿತು. ಅದನ್ನು ಮೋಟಾರಿಗೆ ಬಿಗಿಸಿ, ವಿಮಾನವನ್ನು ದನದ ಗೂಟಕ್ಕೆ ಕಟ್ಟಿ, ಇಬ್ಬರೂ ಅದರ ಹಿಂದೆ, ದೂರ, ತುಳಸಿಕಟ್ಟೆಯ ಆಚೆ ನಿಂತೆವು. ಕಾಕಾ ಎಡಗೈಯಲ್ಲಿ ರಿಮೋಟು ಹಿಡಿದು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಪಂಖಾ ಬೆಣ್ಣೆಯಂತೆ ತಿರುಗಿತು. ಯಾವ ಸ್ವರ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೊಲದಲ್ಲಿ ಅಷ್ಟೊತ್ತಿಗೆ ಗಿಣಿಗಳು ತಮ್ಮ ಪಾಲು ತಿಂದು ಮುಗಿಸಿದ್ದವು. ಉಳಿದ ಕಾಳು ಗಟ್ಟಿಯಾಗಿತ್ತು, ವಿಮಾನದ ಅಗತ್ಯ ಮುಗಿದಿತ್ತು. ಗೌಡರು ಈಗಲೂ ಸಿಕ್ಕಲ್ಲೆಲ್ಲ ಮುಂದಿನ ವಿಮಾನ ಎಷ್ಟು ಗಂಟೆಗೆ ಎಂದು ಕೇಳುತ್ತಾರೆ. ಚಸ್ಮಾದ ದಾರವೂ ಹಾಗೆಯೇ ಇದೆ, ಅದು ಈಗ ದೇವರ ದಾರ.

ಕಾಕಾ ಮೂರು ಪಂಖಾಗಳನ್ನು ಬದಿಗಿಟ್ಟ ಆ ದಿನ ಗುರುವಾರ. ಅಂದು ಮಲಗಿದ ನಾನು ಎದ್ದದ್ದು ಮರುದಿನ, ಕಾಲೇಜಿನ ಬಸ್ಸು ಹೋಗಿ ಅರ್ಧ ತಾಸಾದ ಮೇಲೆ, ಪಡಸಾಲೆಯಲ್ಲಿ ಕಾಕಾ ಹೊಸ ಚರ್ಮದ ತಬಲಾದ ಅಂಚಿಗೆ ನಾ, ನಾ, ನಾ ಎಂದು ಹೊಡೆಯುತ್ತಿದ್ದ ಸದ್ದಿಗೆ.